ಓದಿದ್ದಕ್ಕೊಂದು ಚುಕ್ಕೆ

ಮುನಶಿಯವರು ಎಂದಾದರೂ ರೈಲು ತಪ್ಪಿಸಿಕೊಂಡದ್ದನ್ನು ನಾನು ಕಾಣೆ. ಚಿತ್ತಾಪುರದ ಸ್ಟೇಶನ್ನಿಗೆ ಗಾಡಿ ಬರುವುದು ಮಧ್ಯಾಹ್ನಕ್ಕಾದರೆ ಅವರು ಬೆಳಗಿನ ನಾಷ್ಟಾ ಮುಗಿಸಿಯೇ ಹೊರಟುಬಿಡುತ್ತಿದ್ದರು. ಹೋಗಿ ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕುಳಿತು, ಟಿಕೆಟ್ಟು ಇದೆಯೋ ಇಲ್ಲವೋ ಎಂದು ಕೋಟಿನ ಜೇಬನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾಯಿಗೆ ಅಂಜುತ್ತಿದ್ದರು, ಗುಡುಗಿಗೆ ಅಂಜುತ್ತಿದ್ದರು, ಮುನ್ಸಿಫ್ ಸಾಹೇಬರ ಮೇಜಿನ ಮೇಲಿನ ಗಂಟೆಗೂ ಅಂಜುತ್ತಿದ್ದರು. ಗಂಟೆ ಬೇರೆ ಯಾರನ್ನೋ ಕರೆದರೂ ಇವರ ಲೇಖನಿ ನಿಲ್ಲುತ್ತಿತ್ತು. ಅಂಥ ಮನುಷ್ಯ ಒಂದು ಸಲ ಮಾಡಿದ ಕೆಲಸವನ್ನು ಮಾಡುವ ಧೈರ್ಯ ನನಗೆ ಈ ಜನ್ಮದಲ್ಲಿ ಬರಲಿಲ್ಲ. ಅದರಲ್ಲಿ ನನ್ನದೂ ಒಂದು ಕೈ ಇತ್ತು, ಒಳ್ಳೆಯ ಕೈಯಲ್ಲ. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ಹೆಸರು ಬರೆಯುವುದಿಲ್ಲ. ಅವರ ಹೆಣ್ಣುಮಕ್ಕಳಿಬ್ಬರು ಇನ್ನೂ ಸೇಡಂ ಕಡೆ ಸಂಸಾರ ಮಾಡಿಕೊಂಡಿದ್ದಾರೆ. ಕಚೇರಿಯಲ್ಲಿ ದೊಡ್ಡವರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ಅವರು ಮುನಶಿಯವರು. ನಿಜಾಮರ ಕಾಲ, ಕೋರ್ಟಿನ ಕಾಗದವೆಲ್ಲ ಉರ್ದುವಿನಲ್ಲಿ. ಆ ಕಾಗದಗಳಿಗೆ ನಕಲು ಬರೆದು ಕೊಡುವುದು ಅವರ ಕೆಲಸ. ಹಣೆಗೆ ವಿಭೂತಿ, ತಲೆಗೆ ಕರಿ ಟೊಪ್ಪಿಗೆ, ಮುರಿದ ಕಡ್ಡಿಯ ಬದಲು ದಾರ ಕಟ್ಟಿದ ಚಾಳೀಸು, ನಡುಬೆರಳಿನಲ್ಲಿ ಎಂದೂ ಹೋಗದ ಮಸಿಯ ಕಲೆ. ನೌಕರಿ ಕಾಯಂ. ಇನ್ನು ಏಳು ವರ್ಷ ತಲೆ ತಗ್ಗಿಸಿಕೊಂಡು ಬರೆದರೆ ಸಾಯುವವರೆಗೆ ಪಿಂಚಣಿ.

ನಾನು ಅವರ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದ ಉಮೇದವಾರ. ಉಮೇದವಾರನೆಂದರೆ ಪಗಾರವಿಲ್ಲದೆ ಕೆಲಸ ಮಾಡುತ್ತ, ಯಾರಾದರೂ ಸತ್ತಾರೋ ಬಿಟ್ಟಾರೋ ಎಂದು ಕಾಯುವವನು. ಮೂರು ವರ್ಷದಿಂದ ಕಾಯುತ್ತಿದ್ದೆ. ನಕಲು ಬರೆಯುವವರು ನಾಲ್ಕು ಜನ, ನಾಲ್ವರೂ ಗಟ್ಟಿಮುಟ್ಟಾಗಿದ್ದರು. ಯಾರಾದರೂ ಕೆಮ್ಮಿದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು, ಆಮೇಲೆ ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತಿತ್ತು.

ಕೆಲಸ ಕಲಿಸಿದವರು ಮುನಶಿಯವರೇ. ಅವರದೊಂದು ಪದ್ಧತಿಯಿತ್ತು. ಅಸಲು ಕಾಗದವನ್ನು ಮೊದಲು ತುದಿಯಿಂದ ತುದಿಯವರೆಗೆ ಓದಬೇಕು. ಓದಿದ ಮೇಲೆ ಅದರ ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಾಸಿವೆಯಷ್ಟು ಒಂದು ಚುಕ್ಕೆ ಇಡಬೇಕು. ಆಮೇಲೆಯೇ ಲೇಖನಿ. ನಕಲು ಮುಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ, ಮೊದಲಿನದರ ಪಕ್ಕ ಎರಡನೆಯ ಚುಕ್ಕೆ. ಒಂದು ಚುಕ್ಕೆಯ ಕಾಗದ ಓದಿದ್ದು, ಎರಡು ಚುಕ್ಕೆಯದು ನಕಲಾದದ್ದು. ಬೇರೆ ಮೂವರು ಇದನ್ನು ನೋಡಿ ನಗುತ್ತಿದ್ದರು.

ಒಂದು ಸಲ ಒಂದು ಖರೀದಿ ಪತ್ರದಲ್ಲಿ ಹೊಲದ ಮೂಡಣ ಗಡಿಯನ್ನು ಎರಡು ಸಲ ಬರೆದು ಪಡುವಣ ಗಡಿಯನ್ನು ಬಿಟ್ಟಿದ್ದರು. ಯಾರಿಗಾದರೂ ಗೊತ್ತಾಗುವ ತಪ್ಪು. ನಕಲಿನಲ್ಲಿ ನಾನು ಅದನ್ನು ತಿದ್ದಿದೆ. ಮುನಶಿಯವರು ನೋಡಿದವರೇ ಬೆವತುಬಿಟ್ಟರು.

“ಇದೇನ್ ಮಾಡ್ದಿ ತಮ್ಮಾ?”

“ತಪ್ಪಿತ್ತಲ್ರಿ, ಸರಿ ಮಾಡೀನಿ.”

“ತಪ್ಪು ಅವರದು. ನೀ ತಿದ್ದಿದ್ರ ಅದು ನಿಂದಾಗ್ತದ. ಇದ್ದದ್ದು ಇದ್ದಂಗ ಬರಿ. ನಮ್ಮ ಕೆಲಸ ಅಷ್ಟೇ ಅದ.”

ಹರಿದು ಮತ್ತೆ ಬರೆಸಿದರು. ತಪ್ಪನ್ನು ತಪ್ಪಾಗಿಯೇ ಬರೆದಾಗ ಅವರ ಉಸಿರು ಹಗುರಾಯಿತು.

ಅಂಥವರಿಗೆ ಇನ್ನೊಂದು ಹುಚ್ಚಿತ್ತು. ಶುಕ್ರವಾರ ಕಚೇರಿಗೆ ರಜೆ. ಅಂದು ಕೈಯಲ್ಲೊಂದು ಬಡಿಗೆ ಹಿಡಿದು, ಹಾವು ಹೋಗಲಿ ಎಂದು ದಾರಿಯುದ್ದಕ್ಕೂ ನೆಲ ಕುಟ್ಟುತ್ತ, ಊರ ಹೊರಗಿನ ನಾಗಾವಿಗೆ ಹೋಗುತ್ತಿದ್ದರು. ಅಲ್ಲಿ ಹಾಳುಬಿದ್ದ ಗುಡಿಗಳ ನಡುವೆ ಹಳಗನ್ನಡದ ಶಾಸನದ ಕಲ್ಲುಗಳಿವೆ. ಅವರು ಶಾಲೆ ಕಲಿತದ್ದು ಉರ್ದುವಿನಲ್ಲಿ. ಕನ್ನಡ ಓದುವುದು ತಾಯಿಯಿಂದ, ಮನೆಯ ಒಂದೆರಡು ಹಳೆಯ ಪುಸ್ತಕಗಳಿಂದ ಬಂದದ್ದು. ಕಲ್ಲಿನ ಮೇಲಿನ ಅಕ್ಷರಗಳಲ್ಲಿ ಅರ್ಧದಷ್ಟು ಗುರುತು ಸಿಕ್ಕರೆ ಹೆಚ್ಚು. ಆದರೂ ಅಂಗೈಯನ್ನು ಸಾಲಿನ ಮೇಲೆ ಆಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದರು. ನನ್ನನ್ನೂ ಒಂದೆರಡು ಸಲ ಕರೆದೊಯ್ದರು. ನನಗೆ ಕಂಡದ್ದು ಕಲ್ಲು.

ಒಂದು ಚಳಿಗಾಲದಲ್ಲಿ ಶಾಸನಗಳ ಅಚ್ಚು ತೆಗೆಯಲು ಹೈದರಾಬಾದಿನಿಂದ ಒಬ್ಬ ವಯಸ್ಸಾದ ಅಧಿಕಾರಿ ನಾಗಾವಿಗೆ ಬಂದರು. ಮುನಶಿಯವರು ನೀರಿನ ಕೊಡ ಹೊರುವ ನೆವದಲ್ಲಿ ಸೇರಿಕೊಂಡರು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಹದವಾಗಿ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯುತ್ತದೆ. ಅರೆಬರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಕರಿಯ ಕಾಗದದಲ್ಲಿ ಬಿಳಿಯ ಅಕ್ಷರ ಏಳುತ್ತದೆ, ಕಲ್ಲಿನ ಬಿರುಕೂ ಏಳುತ್ತದೆ. ಬಡಿತ ಜೋರಾದರೆ ಹರಿಯಿತು, ಮೆತ್ತಗಾದರೆ ಅಕ್ಷರ ಬರಲಿಲ್ಲ. ಎರಡನೆಯ ಶುಕ್ರವಾರ ಒಂದು ಕಲ್ಲನ್ನು ಇವರ ಕೈಗೇ ಬಿಟ್ಟರು. ಅಚ್ಚನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ ಅಧಿಕಾರಿ, ಈ ಕೈಗೆ ಅವಸರವಿಲ್ಲ, ಬುದ್ಧಿವಂತಿಕೆಯೂ ಇಲ್ಲ, ನಮಗೆ ಬೇಕಾದದ್ದು ಇಂಥದೇ ಎಂದರಂತೆ. ಆ ಮಾತನ್ನು ಮುನಶಿಯವರು ನನಗೆ ಹತ್ತು ಸಲ ಹೇಳಿದ್ದಾರೆ.

ಮೂರು ತಿಂಗಳ ಮೇಲೆ ಆ ಅಧಿಕಾರಿಯಿಂದ ಕಾಗದ ಬಂತು. ಸೇಡಂ, ಚಿಂಚೋಳಿ ತಾಲೂಕುಗಳಲ್ಲಿ ಶಾಸನದ ಅಚ್ಚು ತೆಗೆಯುವ ಕೆಲಸ, ಆರು ತಿಂಗಳ ಮಟ್ಟಿಗೆ ಹಂಗಾಮಿ. ಮುಂದಿನ ತಿಂಗಳು ಸೇಡಂನಲ್ಲಿ ಹಾಜರಾಗಬೇಕು.

ದಫ್ತರದ ಕೋಣೆಯಲ್ಲಿ ಹಳೆಯ ಕಟ್ಟುಗಳ ಹಿಂದೆ ನನ್ನನ್ನು ಕರೆದೊಯ್ದು ಕಾಗದ ತೋರಿಸಿದರು. ಕದ್ದ ಒಡವೆ ತೋರಿಸುವವರ ಹಾಗೆ ಆಚೀಚೆ ನೋಡುತ್ತಿದ್ದರು.

“ಹಂಗಾಮಿ ತಮ್ಮಾ. ಆರು ತಿಂಗಳ ಮುಗದ ಮ್ಯಾಲ ಏನು? ಎರಡು ಹೆಣ್ಣುಮಕ್ಕಳ ಲಗ್ನ ಆಗಬೇಕು. ಚಿಂಚೋಳಿ ಅಡವಿಯೊಳಗ ಜ್ವರ ಭಾಳ ಅಂತಾರ. ಹಾವು ಬ್ಯಾರೆ.”

“ಹಂಗಾರ ಬ್ಯಾಡ ಬಿಡ್ರಿ.”

ಕಾಗದವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಬ್ಯಾಡ ಅಂತ ಬರೀಲಿಕ್ಕೂ ಕೈ ಬರವಲ್ದು,” ಎಂದರು ಕಡೆಗೆ.

ಹದಿನೈದು ದಿನ ಹೀಗೇ ಹೋಯಿತು. ಊಟ ಸೇರುತ್ತಿರಲಿಲ್ಲ. ಗಂಟೆ ಬಾರಿಸಿದರೆ ಮೊದಲಿಗಿಂತ ಹೆಚ್ಚು ಬೆಚ್ಚುತ್ತಿದ್ದರು. ಆಮೇಲೆ ಒಂದು ಸಂಜೆ ನನಗೆ ಹೇಳಿದರು. “ರಜಾ ಕೇಳ್ತೀನಿ. ಆರು ತಿಂಗಳ, ಪಗಾರ ಇಲ್ಲದ ರಜಾ. ಕೊಟ್ರ ಹೋಗ್ತೀನಿ, ಕೊಡಲಿಲ್ಲಂದ್ರ ನನ್ನ ಹಣೀಬರಹ. ಅರ್ಜಿ ನೀ ಬರಕೊಡು. ನನಗ ಅಸಲ ಬರೀಲಿಕ್ಕ ಬರಂಗಿಲ್ಲ ತಮ್ಮಾ. ಮುಂದ ಕಾಗದ ಇದ್ರ ಕೈ ಓಡ್ತದ.”

ಅದು ಸುಳ್ಳಲ್ಲ. ಇಪ್ಪತ್ತಮೂರು ವರ್ಷ ಬೇರೆಯವರು ಬರೆದದ್ದನ್ನೇ ಬರೆದ ಕೈ ಅದು. ಸ್ವಂತದ್ದೆಂದರೆ ನಿಂತುಬಿಡುತ್ತಿತ್ತು.

ಇಲ್ಲಿಂದ ಮುಂದೆ ಬರೆಯಲು ನನ್ನ ಕೈಯೂ ಹಿಂಜರಿಯುತ್ತದೆ. ಅದೇ ಸಂಜೆ ನಮ್ಮೂರು ನಾಲವಾರದಿಂದ ಅಪ್ಪ ಬಂದಿದ್ದ. ರೊಟ್ಟಿಯ ಗಂಟು ಬಿಚ್ಚಿ ನನ್ನ ಮುಂದಿಟ್ಟು, ನಾನು ಉಣ್ಣುವುದನ್ನೇ ನೋಡುತ್ತ ಕುಳಿತ. “ಮೂರು ವರ್ಷ ಆಯ್ತು. ನಿನ್ನ ಅಣ್ಣಗ ಒಬ್ಬಗೇ ಹೊಲ ನೀಗವಲ್ದು. ಈ ದೀಪಾವಳಿ ತನಕ ನೋಡ್ತೀನಿ. ಆಮ್ಯಾಲ ಬಂದು ಕುಂಟಿ ಹೊಡಿ,” ಎಂದ. ಸಿಟ್ಟಿರಲಿಲ್ಲ, ದಣಿವಿತ್ತು. ಸಿಟ್ಟಿದ್ದರೆ ನಾನು ಅಷ್ಟು ಅಂಜುತ್ತಿರಲಿಲ್ಲ. ಅದಕ್ಕೂ ಎರಡು ದಿನ ಮುಂಚೆ, ಸೇಡಂನ ಕಾಗದದ ಸುದ್ದಿ ಹೇಗೋ ತಿಳಿದುಕೊಂಡಿದ್ದ ಕಚೇರಿಯ ಶಿರಸ್ತೇದಾರರು ವೀಳ್ಯ ಮಡಚುತ್ತ ನನ್ನ ಕಿವಿಗೆ ಒಂದು ಮಾತು ಹಾಕಿದ್ದರು. “ಮುನಶಿ ರಜಾ ಕೇಳಿದ್ರ ಜಾಗ ಅವರದೇ ಇರ್ತದ. ಇಸ್ತೀಫಾ ಕೊಟ್ಟು ನೌಕರಿ ಬಿಟ್ರ ನಿನಗ ಬರ್ತದ. ನನ್ನ ಕೈಯಾಗ ಏನೂ ಇಲ್ಲ, ನೋಡು.”

ಅಪ್ಪ ಮಲಗಿದ ಮೇಲೆ ಎರಡು ಕರಡು ಬರೆದೆ. ಒಂದು ರಜೆಯ ಅರ್ಜಿ, ಒಂದು ರಾಜೀನಾಮೆ. ಎರಡನೆಯದನ್ನು ಸುಮ್ಮನೆ ಬರೆದು ನೋಡುತ್ತೇನೆ ಎಂದುಕೊಂಡೇ ಬರೆದೆ.

ಮರುದಿನ ಕಚೇರಿಗೆ ಹೋದವನು ರಜೆಯ ಕರಡನ್ನು ನನ್ನ ಚಾಪೆಯ ಕೆಳಗೆ ತುರುಕಿದೆ. ರಾಜೀನಾಮೆಯ ಕರಡನ್ನು ಮುನಶಿಯವರ ಡೆಸ್ಕಿನ ಮೇಲೆ ಇಟ್ಟೆ. ಓದಿದರೆ ಬೈಯುತ್ತಾರೆ, ಆಗ ಕಾಗದ ಅದಲುಬದಲಾಯಿತು ಎಂದು ರಜೆಯದನ್ನು ಕೊಟ್ಟರಾಯಿತು. ಇದು ನನ್ನ ಲೆಕ್ಕಾಚಾರ. ಅವರ ಮುಖ ನೋಡುವ ಧೈರ್ಯ ಸಾಲದೆ ನೀರು ಕುಡಿಯುತ್ತೇನೆಂದು ಬಾವಿಗೆ ಹೋದೆ. ಹೊಟ್ಟೆ ಉಬ್ಬುವಷ್ಟು ನೀರು ಕುಡಿದೆ, ಅಲ್ಲೇ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದು ಎದ್ದು ಬಂದೆ.

ಮುನಶಿಯವರು ಡೆಸ್ಕಿನ ಮುಂದೆ ಇರಲಿಲ್ಲ. ನಕಲು ಮಾಡಿ, ಸಹಿ ಹಾಕಿ, ತಾವೇ ಹೋಗಿ ಒಳಗೆ ಕೊಟ್ಟಿದ್ದರು. ತಿರುಗಿ ಬಂದಾಗ ಮುಖ ಸುಣ್ಣದ ಹಾಗಿತ್ತು, ಚಾಳೀಸಿನ ಹಿಂದೆ ಕಣ್ಣು ಒದ್ದೆಯಾಗಿತ್ತು.

“ಕೊಟ್ಟೆ ತಮ್ಮಾ,” ಎಂದರು.

“ಕರಡು?” ಎಂದೆ.

“ಇರ್ಲಿ ಬಿಡು.” ಕೋಟಿನ ಜೇಬನ್ನು ಒಮ್ಮೆ ಮುಟ್ಟಿಕೊಂಡರು.

ಅಂಜಿಕೆಯಲ್ಲಿ ಓದದೆಯೇ ಬರೆದುಬಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಒಂದು ಮಾತು ಹೇಳಿದ್ದರೆ ಶಿರಸ್ತೇದಾರರ ಕೈಯಿಂದ ಅರ್ಜಿಯನ್ನು ಹಿಂದಕ್ಕೆ ತರಬಹುದಿತ್ತು. ಹೇಳಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ರಜೆಯ ಕರಡನ್ನು ಹರಿದು ಹಾಕೋಣವೆಂದು ಚಾಪೆ ಎತ್ತಿದೆ. ಅದು ಅಲ್ಲಿರಲಿಲ್ಲ. ಚಾಪೆ ಕೊಡವಿದೆ, ಡೆಸ್ಕಿನ ಸಂದಿ ನೋಡಿದೆ, ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಹುಡುಕಿದೆ. ಕಸ ಗುಡಿಸುವವಳು ಒಯ್ದಳೋ, ಶಿರಸ್ತೇದಾರರ ಕೈಗೆ ಸಿಕ್ಕಿತೋ ತಿಳಿಯಲಿಲ್ಲ. ನನ್ನ ಅಕ್ಷರದಲ್ಲಿದ್ದ ಆ ಒಂದು ಹಾಳೆ ಯಾರದೋ ಕೈಯಲ್ಲಿದೆ ಎಂಬ ಅಂಜಿಕೆ ಅಂದು ಹೊಕ್ಕದ್ದು.

ರಾಜೀನಾಮೆ ಮಂಜೂರಾಗಿ ಹುಕುಂ ಬಂದ ದಿನ ಮುನಶಿಯವರು ಅದನ್ನು ಓದಿ, ಚಾಳೀಸು ಒರೆಸಿಕೊಂಡು, “ಆಯ್ತಲ್ಲ,” ಎಂದರು. ಅಷ್ಟೇ. ಸಿಡಿಲು ಬಡಿದವರು ಹೀಗೇ ಇರುತ್ತಾರೆ ಎಂದುಕೊಂಡೆ. ಡೆಸ್ಕಿನ ಮೇಲೆ ಎರಡೂ ಕೈ ಊರಿ ಎದ್ದರು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಜಾಗ ಬಹಳ ಹೊತ್ತು ಉರಿಯಿತು.

ದೀಪಾವಳಿಗೆ ಮುಂಚೆ ನಾನು ಅವರ ಜಾಗಕ್ಕೆ ಕಾಯಂ ಆದೆ. ಅಪ್ಪ ಊರಲ್ಲೆಲ್ಲ ಸಕ್ಕರೆ ಹಂಚಿದ.

ಒಂದು ದಿನ ಮುನಶಿಯವರ ಹೆಂಡತಿ ಕಚೇರಿಯ ಜಗಲಿಗೆ ಬಂದು ನಿಂತಿದ್ದರು. ನಾನು ಅವರನ್ನು ಕಾಕಿ ಎನ್ನುತ್ತಿದ್ದೆ, ಅವರ ಕೈಯ ಅಡುಗೆಯನ್ನು ಎಷ್ಟೋ ಸಲ ಉಂಡಿದ್ದೆ. ಕಂಡ ಕೂಡಲೆ ದಫ್ತರದ ಕೋಣೆಗೆ ಹೋಗಿ ಕಟ್ಟುಗಳ ಹಿಂದೆ ನಿಂತೆ. ಅವರು ಜವಾನನಿಗೆ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು.

“ರಜಾ ತಗೊಂಡು ಹೋಗ್ಯಾರ. ಆರು ತಿಂಗಳ ಆದ ಮ್ಯಾಲ ಇದೇ ಜಾಗಕ್ಕ ಬರ್ತಾರಲ್ಲಪಾ? ದೊಡ್ಡಾಕಿನ ನೋಡಲಿಕ್ಕ ಬಂದವರು ಕಾಯಂ ನೌಕರಿ ಅದನೋ ಇಲ್ಲೋ ಅಂತ ಕೇಳಾಕತ್ಯಾರ.”

ಜವಾನ ಏನೋ ಗೊಣಗಿದ. ನನಗೆಂದು ಶೇಂಗಾದ ಹೋಳಿಗೆಯ ಗಂಟೊಂದನ್ನು ಕೊಟ್ಟು ಕಾಕಿ ಹೋದರು. ನಾನು ಮಾಡಿದ್ದನ್ನು ಹೆಂಡತಿಯ ಮುಂದೆ ಹೇಳಲಾಗದೆ ಆ ಮನುಷ್ಯ ರಜೆಯೆಂದು ಸುಳ್ಳು ಹೇಳಿದ್ದಾರೆ ಎಂದು ನನಗನ್ನಿಸಿತು. ಹೋಳಿಗೆಯ ಗಂಟನ್ನು ಜವಾನನಿಗೇ ಕೊಟ್ಟುಬಿಟ್ಟೆ. ಆ ಸಂಬಂಧ ಮುರಿಯಿತು. ಮುಂದೆ ಮೂರು ವರ್ಷಕ್ಕೆ ಆ ಹುಡುಗಿಯನ್ನು ಸೇಡಂನ ಒಬ್ಬ ಶಾಲೆಯ ಮಾಸ್ತರರಿಗೆ ಕೊಟ್ಟರೆಂದು ಕೇಳಿದೆ. ಆ ಮೂರು ವರ್ಷ, ಅವರಿಂದ ಕಾಗದ ಬಂದೀತೆಂದು ನಾನು ಟಪಾಲಿನವನನ್ನು ಕಂಡರೆ ಬೆವರುತ್ತಿದ್ದೆ.

ಆಮೇಲೆ ಅವರನ್ನು ನಾನು ಕಂಡದ್ದು ಒಂದೇ ಸಲ, ವಾಡಿ ಜಂಕ್ಷನ್ನಿನಲ್ಲಿ. ನಾಲವಾರದ ಗಾಡಿಗಾಗಿ ಕಾಯುತ್ತಿದ್ದೆ. ಪ್ಲಾಟ್‌ಫಾರಂ ತುದಿಯಲ್ಲಿ ಯಾರೋ ಟ್ರಂಕಿನ ಮೇಲೆ ಕುಳಿತು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಿರುಗಿ ಹೋಗೋಣವೆಂದುಕೊಂಡೆ. ಅಷ್ಟರಲ್ಲಿ ಕರೆದುಬಿಟ್ಟರು.

“ತಮ್ಮಾ, ಬಾ, ಕುಂದ್ರು. ಸೇಡಂ ಗಾಡಿಗಿ ಇನ್ನೂ ಎರಡು ತಾಸು ಅದ.”

ಶಹಾಬಾದಿನ ಕಡೆ ಒಂದು ಹೊಲದಲ್ಲಿ ಶಾಸನ ಸಿಕ್ಕಿತ್ತಂತೆ, ಅಚ್ಚು ತೆಗೆದುಕೊಂಡು ಹೊರಟಿದ್ದರು. ತಗಡಿನ ಉದ್ದನೆಯ ಕೊಳವೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಿಸಿಲಿಗೆ ಕಪ್ಪಾಗಿದ್ದರು, ಜ್ವರ ಬಂದು ಬಂದು ಕೆನ್ನೆ ಇಳಿದಿತ್ತು. ರೊಟ್ಟಿ ಬಿಚ್ಚಿ, ಶೇಂಗಾ ಹಿಂಡಿಯ ಚಟ್ನಿ ಹಚ್ಚಿ, ಅರ್ಧ ಮುರಿದು ನನಗೆ ಕೊಟ್ಟರು.

“ಆರು ತಿಂಗಳಿಗೊಮ್ಮಿ ಕಾಗದ ಬರ್ತದ. ಬರೂ ತನಕ ನಿದ್ದಿ ಇಲ್ಲ. ಬಂದ ಮ್ಯಾಲ, ಮತ್ತ ಆರು ತಿಂಗಳಿಗಿ ಮುಗೀತದಲ್ಲಾ ಅಂತ ನಿದ್ದಿ ಇಲ್ಲ. ಒಮ್ಮೊಮ್ಮಿ ನಡುವ ನಾಕು ತಿಂಗಳ ಕಾಗದಾನೇ ಇಲ್ಲ.”

“ಅಂಜಿಕಿ ಬರಂಗಿಲ್ಲೇನ್ರಿ?”

“ಬರ್ತದ, ಯಾಕ ಬರಂಗಿಲ್ಲ. ಚಿಂಚೋಳಿ ಅಡವಿಯೊಳಗ ಒಂದು ಗುಡಿಯಾಗ ಕಾಗದ ಹಾಸಿ ಬಡೀಲಿಕತ್ತಿದ್ದೆ. ಮಗ್ಗಲಿಗಿ ನಾಗರಹಾವು ಬಂದು ಕುಂತದ. ಕೈಕಾಲು ತಣ್ಣಗಾದ್ವು. ಆದ್ರ ಕಾಗದ ಹಸಿ ಇತ್ತಲ್ಲ. ನಡುವ ಬಿಟ್ರ ಅಕ್ಷರ ಕೆಡ್ತಾವ. ಬಡಕೋತ ಕುಂತೆ. ಅದೂ ಕುಂತಿತ್ತು. ಆಮ್ಯಾಲ ಅದಕ್ಕ ಬ್ಯಾಸರಾಗಿ ಹೋಯ್ತು.”

ನಕ್ಕರು. ಆಮೇಲೆ ಕೊಳವೆಯಿಂದ ಒಂದು ಅಚ್ಚನ್ನು ಅರ್ಧ ಎಳೆದು ಬೆರಳಿಟ್ಟು ತೋರಿಸಿದರು. ಸಾಲಿನ ಕೆಳಗೆ ಒಂದು ಅಕ್ಷರವನ್ನು ಸಣ್ಣದಾಗಿ ಸೇರಿಸಿ ಕೆತ್ತಲಾಗಿತ್ತು.

“ಕೆತ್ತೂ ಮುಂದ ಬಿಟ್ಟಾನ. ಆಮ್ಯಾಲ ನೋಡಿ ಎದಿ ಧಸಕ್ಕಂದಿರಬೇಕು, ಕೆಳಗ ಸೇರಿಸ್ಯಾನ. ಎಷ್ಟು ನೂರು ವರ್ಷದ ಹಿಂದಿನ ಅಂಜಿಕಿ ತಮ್ಮಾ, ಇನ್ನೂ ಕೈಗಿ ಹತ್ತತದ.”

ಆಗ ಹೇಳಿಬಿಡಬೇಕು ಎನ್ನಿಸಿತು. “ಮುನಶಿಯವರ, ಆ ಅರ್ಜಿ...” ಎಂದೆ. ರೊಟ್ಟಿಯ ತುಂಡು ಕೈಯಲ್ಲೇ ಇತ್ತು.

ಅವರು ಅಚ್ಚನ್ನು ಸುತ್ತಿ ಒಳಗಿಟ್ಟು ಮುಚ್ಚಳ ಹಾಕಿದರು. “ಡೆಸ್ಕು ಕಿಟಕಿ ಕಡೆನೇ ಅದಲ್ಲ? ಗಾಳಿಗಿ ಕಾಗದ ಹಾರ್ತಾವ. ಒಂದು ಫರಸಿ ಕಲ್ಲಿನ ತುಂಡು ಇಟ್ಕೋ,” ಎಂದರು. ಆಮೇಲೆ ಮಳೆಯ ಮಾತು ತೆಗೆದರು. ನನ್ನ ಗಾಡಿ ಬಂತು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಮಳೆಗಾಲದಲ್ಲಿ ಅವರು ಸೇಡಂನಲ್ಲಿ ತೀರಿಕೊಂಡರು. ಆ ವರ್ಷದ ಗಲಭೆಯಲ್ಲಿ ಎಲ್ಲರೂ ಮುನಶಿಯವರಂತಾಗಿದ್ದೆವು. ಬಾಗಿಲು ಬಡಿದರೆ ಬೆಚ್ಚುತ್ತಿದ್ದೆವು, ಸಂಜೆಗೇ ದೀಪ ಆರಿಸುತ್ತಿದ್ದೆವು, ಊರಿಗೆ ಊರೇ ಗಂಟುಮೂಟೆ ಕಟ್ಟಿ ಗಡಿ ದಾಟುತ್ತಿತ್ತು. ಅಚ್ಚು ತೆಗೆಯುವ ಕೆಲಸ ನಿಂತಿತ್ತು, ಅವರಿಗೆ ಹೊಸ ಕಾಗದ ಬಂದಿರಲಿಲ್ಲ. ಜ್ವರ ಹಳೆಯದು. ಸುದ್ದಿ ನನಗೆ ತಲುಪಿದ್ದು ಎಲ್ಲ ತಣ್ಣಗಾದ ಮೇಲೆ, ಕಾಕಿ ಬಂದಾಗಲೇ.

ಈ ಸಲ ಅವರು ನೇರವಾಗಿ ಮನೆಗೆ ಬಂದರು. ಅಡಗಲು ಜಾಗವಿರಲಿಲ್ಲ. ನನ್ನ ಹೆಂಡತಿ ಚಾಪೆ ಹಾಕಿದಳು. ಕಾಕಿ ಸೆರಗಿನೊಳಗಿಂದ ತಗಡಿನ ಕೊಳವೆ ತೆಗೆದು ನನ್ನ ಮುಂದಿಟ್ಟರು.

“ನಿನಗ ಕೊಡು ಅಂದಿದ್ರು. ಕಡೀ ಎರಡು ದಿನ ಇದೇ ಮಾತು. ಒಳಗ ಏನದನೋ, ನನಗ ಓದಲಿಕ್ಕ ಬರಂಗಿಲ್ಲ.”

ಮುಚ್ಚಳ ತೆಗೆದೆ. ನಾಗಾವಿಯಲ್ಲಿ ಅವರ ಕೈಯಿಂದಾದ ಮೊದಲ ಅಚ್ಚು. ಬಿಚ್ಚುತ್ತ ಹೋದಂತೆ ಅದರ ನಡುವಿನಿಂದ ಎರಡು ಹಾಳೆಗಳು ನೆಲಕ್ಕೆ ಬಿದ್ದವು. ಹಳದಿಯಾಗಿದ್ದವು, ಮಡಿಕೆಯಲ್ಲಿ ಸವೆದಿದ್ದವು. ಎರಡರಲ್ಲೂ ಇದ್ದದ್ದು ನನ್ನ ಅಕ್ಷರ.

ಒಂದು ರಾಜೀನಾಮೆಯ ಕರಡು. ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನ ಎರಡು ಚುಕ್ಕೆ. ಇನ್ನೊಂದು ನಾನು ಹನ್ನೆರಡು ವರ್ಷ ಅಂಜಿದ್ದ ಹಾಳೆ, ಚಾಪೆಯ ಕೆಳಗಿನ ರಜೆಯ ಅರ್ಜಿ. ಅದರ ಮೂಲೆಯಲ್ಲಿ ಒಂದೇ ಚುಕ್ಕೆ.

ಹೊರೆ ಇಳಿಯಬೇಕಿತ್ತು. ಇಳಿಯಲಿಲ್ಲ. ಓದದೆ ಅವರು ಎಂದೂ ಲೇಖನಿ ಹಿಡಿದವರಲ್ಲ. ಇದನ್ನು ನನಗೇ ಕಲಿಸಿದ್ದರು, ನಾನೇ ಮರೆತಿದ್ದೆ. ನಾನು ಬಾವಿಯ ಕಟ್ಟೆಯ ಮೇಲಿದ್ದಾಗ ಚಾಪೆಯ ಕೆಳಗಿನದನ್ನೂ ಕಂಡು ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ನಡುಗುತ್ತ, ಒಂದನ್ನು ಆರಿಸಿಕೊಂಡಿದ್ದರು. ನಾನು ಎಂಥವನೆಂಬುದನ್ನೂ ಆ ಬೆಳಿಗ್ಗೆಯೇ ಓದಿಕೊಂಡಿದ್ದರು. ಓದಿಯೂ ಹೆಗಲ ಮೇಲೆ ಕೈಯಿಟ್ಟಿದ್ದರು, ವಾಡಿಯಲ್ಲಿ ಅರ್ಧ ರೊಟ್ಟಿ ಕೊಟ್ಟಿದ್ದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ಸತ್ತ ಆ ಮನುಷ್ಯನಿಗೆ ನಾನು ಅಂಜಿದೆ.

“ಏನದಪಾ ಅದರಾಗ?” ಎಂದರು ಕಾಕಿ.

“ನಾ ಬರದಿದ್ದ ಅರ್ಜಿ ಕಾಕಿ. ಹಳೀವು.”

“ಅವರು ಓದಿದ್ರೇನು?”

“ಓದ್ಯಾರ,” ಎಂದೆ. “ಎರಡೂ ಓದ್ಯಾರ.”